ಸೋದರತ್ತೆಯ ಕತ್ತರಿ

ಕಲೋಲೈನೆ ಮೂಸಿ ನೋಡದೆ ಯಾವುದನ್ನೂ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಅಂಗಡಿಯ ಮೀನಿನ ಡಬ್ಬಿ, ಪಾದ್ರಿಯ ಹೆಂಡತಿ ಕಳಿಸಿದ ಕೇಕು, ಆಕ್ಲೆಂಡಿನ ನೆಂಟರು ಹಡಗಿಗೆ ಹಾಕಿದ ಬಟ್ಟೆಯ ಗಂಟು, ಎಲ್ಲವೂ ಮೊದಲು ಅವಳ ಮೂಗಿಗೆ ಲೆಕ್ಕ ಒಪ್ಪಿಸಬೇಕಿತ್ತು. ಒಮ್ಮೆ ನಾನು ಕೊಟ್ಟ ಪಪ್ಪಾಯಿಯನ್ನೂ ಮೂಸಿದಳು. "ನನ್ನ ಹಿತ್ತಲದ್ದು ಕಣೇ!" ಅಂದೆ. "ಹಿತ್ತಲು ನಿಂದು, ಅದಕ್ಕೇ ಮೂಸ್ತಿರೋದು" ಅಂದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅವಳ ಅನುಮಾನ ಆ ಬಗೆಯದು. ಬೇಲಿಯ ಈಚೆ ಬದುಕಿದ ನನಗೂ ಅದು ಅಂಟಿತು. ಅವಳು ಮಣ್ಣು ಸೇರಿದ ಮೇಲೂ ಬಿಟ್ಟಿಲ್ಲ, ಹಾಳಾದ್ದು.

ಊರಿಗೆ ಅವಳು ಬಾಯಿಬಡುಕಿ ವಿಧವೆ. ತಮ್ಮ ಮೈಲೆಯ ಮನೆಗೆ ಮಾತ್ರ ಸೋದರತ್ತೆ. ನಮ್ಮ ಟೋಂಗಾದಲ್ಲಿ ಸೋದರತ್ತೆ ಅಂದರೆ ಹಬ್ಬಕ್ಕೆ ಬಂದು ಕೆನ್ನೆ ಹಿಂಡಿ ಹೋಗುವವಳಲ್ಲ. ತಮ್ಮನ ಮನೆಯ ಮದುವೆಗೂ ಅವಳೇ ಯಜಮಾನಿ, ಸಾವಿಗೂ ಅವಳೇ. ಅವಳು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನುವ ಹಾಗಿಲ್ಲ, ಹಂದಿಯಾದರೂ ಸರಿ, ದೋಣಿಯಾದರೂ ಸರಿ. ತಮ್ಮ ತೀರಿಕೊಂಡರೆ ಅವನ ಮಕ್ಕಳ ಕೂದಲು ಕತ್ತರಿಸುವ ಹಕ್ಕೂ ಅವಳದೇ. ಅದಕ್ಕೆಂದೇ ಒಂದು ಕತ್ತರಿಗೆ ತೆಂಗಿನೆಣ್ಣೆ ಹಚ್ಚಿ, ತೊಗಟೆಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದಳು. ನಾನು ಒಮ್ಮೆ ಲಂಗದ ಅಂಚು ಕತ್ತರಿಸಲು ಕೇಳಿದ್ದಕ್ಕೆ ಒಂದು ವಾರ ಮಾತು ಬಿಟ್ಟಳು.

ಆ ಕತ್ತರಿ ಹೊರಬಂದದ್ದು ಮೈಲೆ ಸತ್ತಾಗ. ಹಾಡಹಗಲು, ಎಲ್ಲರ ಕಣ್ಣೆದುರು ಸತ್ತ. ಬಂಡೆಗೆ ಸಿಕ್ಕ ಲಂಗರು ಬಿಡಿಸಲು ದೋಣಿಯಿಂದ ಹಾರಿದ, ಜೋರಾಗಿ ಕೈ ಬೀಸಿದ, ಬೋರಲಾಗಿ ತೇಲಿದ. ನೀರಿನಲ್ಲೇ ಬೆಳೆದ ಮನುಷ್ಯ! "ಗಾಳಿ ಸೋಕಿತು" ಅಂದಿತು ಊರು. ಆ ಮನೆಯಲ್ಲಿ ಹಿಂದೆಯೂ ಹೀಗೇ. ಮೈಲೆಯ ಅಪ್ಪ, ಅಂದರೆ ಕಲೋಲೈನೆಯ ಮಲತಂದೆ, ಹರಿಗೋಲಿನ ಪಕ್ಕದಲ್ಲೇ ಮುಳುಗಿದ್ದ, ಮಗಳು ಲೂಪೆ ಚಿಕ್ಕವಳಿದ್ದಾಗ ಓಡುತ್ತಾ ಓಡುತ್ತಾ ಮೂರ್ಛೆ ಬೀಳುತ್ತಿದ್ದಳು. ಎಲೆ ಅರೆದು ಹಚ್ಚಿ ದೆವ್ವ ಬಿಡಿಸುತ್ತಿದ್ದೆವು.

ಸಾವಿನ ಮನೆಯಲ್ಲಿ ಮೈಲೆಯ ಮಕ್ಕಳು ಕಿವಿಯವರೆಗೆ ಬರುವ ಹರಕು ಚಾಪೆ ಸುತ್ತಿಕೊಂಡು ಹೊರಗೆ ಹೊಗೆಯಲ್ಲಿ ಅಡುಗೆ ಮಾಡುತ್ತಿದ್ದರು. ನಮ್ಮಲ್ಲಿ ಸಾವಿಗೆ ಎಲ್ಲರೂ ಚಾಪೆ ಉಡುತ್ತಾರೆ; ಅಪ್ಪನೋ ಸೋದರತ್ತೆಯೋ ಸತ್ತರೆ ಮಕ್ಕಳು ಕೆಳಗಿನವರು, ಹರಕು ಚಾಪೆ ಉಟ್ಟು ಹೊರಗಿರಬೇಕು, ಹೆತ್ತಮ್ಮ ಸತ್ತರೆ ಮಾತ್ರ ನುಣುಪು ಚಾಪೆ ಉಟ್ಟು ಒಳಗೆ ಕೂರಬಹುದು. ಕಲೋಲೈನೆ ಒಬ್ಬೊಬ್ಬರನ್ನೇ ಕರೆದು ಕೂದಲು ಕತ್ತರಿಸಿದಳು. ಅವಳ ಮಗ ಫಾತಾಯಿ ಮಾತ್ರ ನುಣುಪಾದ ಸಣ್ಣ ಚಾಪೆ ಉಟ್ಟು, ಭುಜದ ಮೇಲೆ ಇಳಿಬಿದ್ದ ಗುಂಗುರು ಕೂದಲಿನೊಂದಿಗೆ ಹೆಣದ ತಲೆಯ ಬಳಿ ಕೂತಿದ್ದ. ಸತ್ತವನ ಅಕ್ಕನ ಮಗ ತಾನೇ, ಎಲ್ಲರಿಗಿಂತ ಮೇಲು. ನೆಂಟರು ಉಡುಗೊರೆಯಾಗಿ ತಂದ ಒಳ್ಳೊಳ್ಳೆ ಚಾಪೆಗಳೆಲ್ಲ ಅವನ ಮುಂದೆ ರಾಶಿ ಬಿದ್ದವು. ಮೈಲೆಯ ಹೆಂಡತಿ ಸುಲಿಯೆತಿ ಬಾಗಿಲ ಸಂದಿಯಿಂದ ಅವನನ್ನೇ ನೋಡುತ್ತಿದ್ದಳು. ನಾನು ಅವಳನ್ನು ನೋಡಿದೆ, ನೋಡಿ ಮುಖ ತಿರುಗಿಸಿದೆ.

ಯಾಕೆಂದು ನಿಮಗೆ ಹೇಳಿಬಿಡುತ್ತೇನೆ. ಊರಿನಲ್ಲಿ ಯಾರೂ ಹೇಳುವುದಿಲ್ಲ. ಫಾತಾಯಿ ಸುಲಿಯೆತಿ ಹೆತ್ತ ಮಗ. ಕಲೋಲೈನೆಯ ಗಂಡ ತೀರಿಕೊಂಡಾಗ ಅವಳ ಮಡಿಲು ಖಾಲಿ. ಬಸುರಿಯಾಗಿದ್ದ ನಾದಿನಿಯ ಮುಂದೆ ನಿಂತು, "ಇದು ನನಗೆ" ಅಂದಳು. ಸೋದರತ್ತೆ ಬಾಯಿಬಿಟ್ಟು ಕೇಳಿಯಾಯಿತು, ಮುಗಿಯಿತು. ಇಬ್ಬರೂ ಹೊರದ್ವೀಪಕ್ಕೆ ಹೋದರು. ಬರುವಾಗ ಕೂಸು ಕಲೋಲೈನೆಯ ಕಂಕುಳಲ್ಲಿತ್ತು. ಅವತ್ತಿನಿಂದ ಅದು ಅವಳ ಮಗ. ಮಕ್ಕಳ ಜಗಳದ ಬೈಗುಳದಲ್ಲೂ ಆ ಮಾತು ಯಾರ ನಾಲಿಗೆಗೂ ಬರಲಿಲ್ಲ. ಕೊಟ್ಟ ಮಗುವಿನ ಮಾತೆತ್ತುವುದೆಂದರೆ ಕೊಟ್ಟವರಿಗೂ ಪಡೆದವರಿಗೂ ಒಟ್ಟಿಗೆ ಉಗಿದ ಹಾಗೆ.

ಮುಂದಿನ ಮಳೆಗಾಲದ ಹೊತ್ತಿಗೆ ಆಕ್ಲೆಂಡಿನಿಂದ ಸುದ್ದಿ ಬಂತು. ಅಲ್ಲಿಗೆ ಮದುವೆಯಾಗಿ ಹೋಗಿದ್ದ ಲೂಪೆ ಈಜುಕೊಳದಲ್ಲಿ ಎಚ್ಚರ ತಪ್ಪಿದ್ದಳು. ಯಾರೋ ಎಳೆದು, ಎದೆ ಒತ್ತಿ ಬದುಕಿಸಿದ್ದರು. ಅದರ ಹಿಂದೆಯೇ ಒಬ್ಬ ಡಾಕ್ಟರಮ್ಮ ನಮ್ಮೂರಿಗೆ ಬಂದಳು. ಲೂಪೆಗಿದ್ದಂಥ ಕಾಯಿಲೆ ಯಾರ ರಕ್ತದಿಂದ ಯಾರ ರಕ್ತಕ್ಕೆ ಹೋಗುತ್ತದೆ ಎಂದು ಹುಡುಕುವುದೇ ಅವಳ ಕೆಲಸವಂತೆ. ಹೆಸರು ಹಿಲರಿ. ಪೆಟ್ಟಿಗೆ ತುಂಬ ಸೀಸೆ, ತಂತಿ. ಮುಖದ ತುಂಬ ನಗು. ಆ ನಗು ನನಗೆ ಮೊದಲ ದಿನವೇ ಹಿಡಿಸಲಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ.

ನಾವು ಹೆಂಗಸರು ಚರ್ಚಿನ ಸಭಾಮನೆಯಲ್ಲಿ ಕೂತು ಕೊಡತಿಯಿಂದ ಮರದ ತೊಗಟೆ ಬಡಿದು, ಗಂಜಿ ಹಚ್ಚಿ ತೊಗಟೆಬಟ್ಟೆ ಜೋಡಿಸುತ್ತಿದ್ದೆವು. ಡಾಕ್ಟರಮ್ಮ ಅಲ್ಲೇ ಮೂಲೆಯಲ್ಲಿ ಅಂಗಡಿ ಇಟ್ಟಳು. ಪಕ್ಕದೂರಿನ ನರ್ಸ್ ಅಕೊಸಿತಾ ಅವಳ ಮಾತನ್ನು ನಮಗೆ ಹೇಳುವವಳು. ಮೈಲೆಯ ಇಬ್ಬರು ಗಂಡುಮಕ್ಕಳನ್ನೂ ಮನೆಯಲ್ಲಿ ಉಳಿದಿದ್ದ ಮಗಳನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, "ಅಂಗಿ ಬಿಚ್ಚಿ, ಎದೆಗೆ ತಂತಿ ಅಂಟಿಸಬೇಕು" ಅಂದಳು. ಅಯ್ಯೋ ದೇವರೇ! ಅಕ್ಕತಂಗಿಯರಿದ್ದ ಕೋಣೆಯಲ್ಲಿ ಹಾಸ್ಯದ ಮಾತನ್ನೂ ಆಡದ ಹುಡುಗರು. ದೊಡ್ಡವನು ಕಿಟಕಿಯಿಂದ ಹಾರಿದ, ಚಿಕ್ಕವನು ನಮ್ಮ ಗಂಜಿಯ ಬೋಗುಣಿಗೆ ಕಾಲಿಟ್ಟು ಓಡಿದ. ಹುಡುಗಿ ಚಾಪೆಯಲ್ಲಿ ಮುಖ ಮುಚ್ಚಿಕೊಂಡಳು. ನಾವು ಕೊಡತಿ ಕೆಳಗಿಟ್ಟು ನಕ್ಕಿದ್ದೇ ನಕ್ಕಿದ್ದು.

ಕಲೋಲೈನೆ ನಗಲಿಲ್ಲ. ಎದ್ದು ಬಂದು ಒಂದು ಖಾಲಿ ಸೀಸೆಯನ್ನು ಎತ್ತಿ ಮೂಸಿದಳು.

"ಇದರಲ್ಲಿ ನಮ್ಮ ರಕ್ತ ತುಂಬ್ಕೊಂಡು ಹೋಗಿ ಏನ್ ಮಾಡ್ತೀಯ? ಬೀಜ ಹಾಕಿ ಹೊಸ ಟೋಂಗಾದವರನ್ನ ಬೆಳೀತೀಯ?"

"ಕಲೋಲೈನೆ ಅಮ್ಮಾ, ಹಾಗಲ್ಲ" ಅಂದಳು ಅಕೊಸಿತಾ. "ಲೂಪೆಯ ಹೃದಯಕ್ಕೆ ಒಂದು ಬಡಿತ ಮುಗಿಸಿ ಇನ್ನೊಂದಕ್ಕೆ ಸುಧಾರಿಸ್ಕೊಳ್ಳೋಕೆ ಹೊತ್ತು ಜಾಸ್ತಿ ಬೇಕು. ನೀರಿಗೆ ಹಾರಿ ಕೈಕಾಲು ಬಡಿದಾಗ ತಾಳ ತಪ್ಪುತ್ತೆ, ಎಚ್ಚರ ಹೋಗುತ್ತೆ, ಒಮ್ಮೊಮ್ಮೆ ಜೀವಾನೂ ಹೋಗುತ್ತೆ. ಇದು ಅಪ್ಪನಿಂದ ಬಂದಿರೋದು. ಮೈಲೆಯ ಬೇರೆ ಮಕ್ಕಳಿಗೂ ಇರಬಹುದು. ಇಬ್ಬರಲ್ಲಿ ಒಬ್ಬರಿಗೆ ಬರೋಷ್ಟು ಅಪಾಯ. ದಿನಾ ಮಾತ್ರೆ ತಗೊಂಡು ನೀರಿಂದ ದೂರ ಇದ್ರೆ ಬದುಕ್ತಾರೆ."

"ಯಾರ ಮಗ ಅಂತ ರಕ್ತ ಹೇಳುತ್ತಾ?" ಕಲೋಲೈನೆ ಕೇಳಿದಳು.

ಅಕೊಸಿತಾ ಡಾಕ್ಟರಮ್ಮನನ್ನು ಕೇಳಿ, "ಹೇಳುತ್ತೆ. ಆದ್ರೆ ನಾವು ಹುಡುಕೋದು ಅದನ್ನಲ್ಲ, ಯಾರಿಗೂ ಹೇಳೋದೂ ಇಲ್ಲ" ಅಂದಳು.

"ಹಾಗಾದ್ರೆ ನಮ್ಮ ಮನೆಯ ಒಂದು ತೊಟ್ಟೂ ಸಿಗಲ್ಲ. ಗಂಟು ಕಟ್ಟು."

ಹೆಂಗಸರೆಲ್ಲ ತಲೆದೂಗಿದರು. ಪರದೇಶದವರು ಬಿಟ್ಟಿಯಾಗಿ ಯಾಕೆ ಬರುತ್ತಾರೆ, ಏನೋ ಹುನ್ನಾರ ಇದ್ದೇ ಇದೆ ಅಂದುಕೊಂಡೆವು. ನಾನೂ ಅಂದೆ. ಆದರೆ ಕೊಡತಿ ಎತ್ತಿದವಳಿಗೆ ಕೈ ಓಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಇದು! ಯಾರೂ ಕೇಳದ ಪ್ರಶ್ನೆಯನ್ನು ಇವಳೇಕೆ ಕೇಳಿದಳು? ಫಾತಾಯಿಯ ಗುಟ್ಟು ಉಳಿಸಲು ಮಿಕ್ಕ ಮಕ್ಕಳನ್ನೂ ಬಲಿ ಕೊಡುತ್ತಾಳೆಯೇ? ಅಲ್ಲಿಯವರೆಗೆ ಡಾಕ್ಟರಮ್ಮನ ಮೇಲಿದ್ದ ನನ್ನ ಅನುಮಾನ ಅವತ್ತು ಬೇಲಿ ಹಾರಿ ಕಲೋಲೈನೆಯ ಮೇಲೆ ಕೂತಿತು.

ಮಾರನೆಯ ದಿನ ಸುಲಿಯೆತಿ ಬೇಡಿಕೊಳ್ಳುವವರ ಹಾಗೆ ಹರಕು ಚಾಪೆ ಸುತ್ತಿಕೊಂಡು ಕಲೋಲೈನೆಯ ಅಂಗಳದಲ್ಲಿ ತಲೆತಗ್ಗಿಸಿ ಕೂತಳು. ಬಿಸಿಲು ನೆತ್ತಿಗೆ ಬಂದರೂ ಏಳಲಿಲ್ಲ. "ಅತ್ತಿಗೆ, ಗಂಡ ಹೋದ. ನನ್ನ ಹತ್ರ ಇರೋ ಮಕ್ಕಳನ್ನಾದ್ರೂ ಉಳಿಸ್ಕೊಡಿ" ಅಂದಳು. ನನ್ನ ಹತ್ತಿರ ಇರುವ ಮಕ್ಕಳು! ಬೇಲಿಯ ಈಚೆಯಿಂದ ನನಗೆ ಕೇಳಿಸಿದ್ದು ಅವಳಿಗೆ ಕೇಳಿಸದೆ ಇರುತ್ತದೆಯೇ? ಕಲೋಲೈನೆ ಬಾಗಿಲಿಗೆ ಬಂದು, "ರಕ್ತ ಕೊಡ್ಲಿ, ಹೋಗು. ಆದ್ರೆ ಹುಡುಗರು ಬೇರೆ, ಹುಡುಗಿ ಬೇರೆ" ಅಂದು ಒಳಗೆ ಹೋದಳು.

ಡಾಕ್ಟರಮ್ಮ ಪಾಪ, ಕಲಿತಿದ್ದಳು. ಹುಡುಗರಿಗೆ ಸಭಾಮನೆ, ಹುಡುಗಿಗೆ ಪಾದ್ರಿಯ ಮನೆ. ತಂತಿ ಅಂಟಿಸುವ ಮೊದಲು ಅಕೊಸಿತಾ ಎಲ್ಲರ ಎದುರಿಗೆ ಕೇಳಿದಳು: "ಮೈಲೆಗೆ ಇವರನ್ನ ಬಿಟ್ಟು ಬೇರೆ ಮಕ್ಕಳಿದಾರಾ? ಮರೆತು ಹೋಗಿರೋರು, ದೂರ ಇರೋರು?"

"ಇಲ್ಲ" ಅಂದಳು ಸುಲಿಯೆತಿ. "ಇಲ್ಲ" ಅಂದ ಪಾದ್ರಿ. "ಎಲ್ಲಿಯ ಬೇರೆ ಮಕ್ಕಳು?" ಅಂದೆ ನಾನು. ಸುಳ್ಳು ಹೇಳಿದೆವೆಂದು ಯಾರಿಗೂ ಅನ್ನಿಸಲಿಲ್ಲ. ನಮ್ಮಲ್ಲಿ ಆ ಪ್ರಶ್ನೆಗೆ ಇರುವ ಉತ್ತರ ಅದೊಂದೇ. ಬಾಗಿಲ ಹೊರಗೆ ಫಾತಾಯಿ ಗೋಡೆಗೆ ಒರಗಿ, ಮೈಲೆಯ ಮಕ್ಕಳನ್ನು ರೇಗಿಸುತ್ತಿದ್ದ: "ಏನ್ರೋ, ಹಂದಿಗೆ ಹಗ್ಗ ಕಟ್ಟಿದ ಹಾಗೆ ಕಟ್ಟಿದಾರೆ! ಒಲೆ ಹೊತ್ತಿಸ್ಲಾ?"

ಯಂತ್ರದಿಂದ ಸುರುಳಿ ಸುರುಳಿ ಕಾಗದ ಹೊರಬಂತು. ಚಿಕ್ಕ ಹುಡುಗನಿಗೆ ಕಾಯಿಲೆ ಇತ್ತು. ರಕ್ತದ ಫಲಿತಾಂಶ ಆಮೇಲೆ ಬರುತ್ತದೆ, ಅವನು ಮಾತ್ರೆಯನ್ನು ಇವತ್ತಿನಿಂದಲೇ ಶುರು ಮಾಡಬೇಕು, ನೀರಿಗೆ ಇಳಿಯಬಾರದು ಅಂದರು. ಸುಲಿಯೆತಿ ಆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಮನೆಗೆ ಹೋದಳು.

ನನಗೆ ಅವತ್ತು ಅನ್ನ ಸೇರಲಿಲ್ಲ. ಫಾತಾಯಿಯ ಕಸುಬೇ ಮುಳುಗುವುದು. ಹವಳದ ದಿಬ್ಬಗಳ ತಳದಲ್ಲಿ ಬಿದ್ದಿರುವ ಕಡಲಸೌತೆಗಳನ್ನು, ಪರದೇಶದವರು ದುಬಾರಿ ಬೆಲೆ ಕೊಡುವ ಆ ಮೆತ್ತನೆಯ ಜೀವಿಗಳನ್ನು, ಉಸಿರು ಹಿಡಿದು ಹೆಕ್ಕುವುದರಲ್ಲಿ ಅವನ ಸಮ ಯಾರೂ ಇಲ್ಲ. ಅವುಗಳನ್ನು ಹಿಡಿಯಲು ಸರ್ಕಾರದ ಅಪ್ಪಣೆ ಆಗಷ್ಟೇ ಸಿಕ್ಕಿತ್ತು. ಸೋಮವಾರ ದೊಡ್ಡ ದೋಣಿ ಹೊರಡುವುದಿತ್ತು. ಡಾಕ್ಟರಮ್ಮನ ವಿಮಾನವೂ ಸೋಮವಾರವೇ.

ಶನಿವಾರ ಬೆಳಿಗ್ಗೆ ಸಭಾಮನೆಯಲ್ಲಿ ನಾನೂ ಕಲೋಲೈನೆಯೂ ಇಬ್ಬರೇ ಇದ್ದೆವು. ಅವಳು ತೊಗಟೆ ಬಡಿಯುತ್ತಿದ್ದಳು, ನಾನು ಗಂಜಿ ಹಚ್ಚುತ್ತಿದ್ದೆ. ತಡೆಯಲಾಗಲಿಲ್ಲ.

"ಕಲೋ, ಹುಡುಗನನ್ನ ದೋಣಿಗೆ ಕಳಿಸ್ಬೇಡ."

"ಯಾಕೆ? ನನ್ನ ಮಗನಿಗೇನಾಗಿದೆ? ಕಾಯಿಲೆ ಇರೋದು ಮೈಲೆಯ ಮನೆಯಲ್ಲಿ."

"ಹೌದಾ?" ಅಂದೆ.

ಕೊಡತಿ ಮೇಲೆತ್ತಿದ್ದು ಮೇಲೆಯೇ ನಿಂತಿತು. ತಲೆಗೆ ಬಿತ್ತು ಅಂದುಕೊಂಡೆ. "ಏನಂದೆ, ಮೆಲೆಸೇನಿ? ಇನ್ನೊಂದ್ ಸಲ ಅನ್ನು. ಯಾರು ಹೇಳ್ಕೊಟ್ರು ನಿಂಗೆ? ಸುಲಿಯೆತಿನಾ? ಆ ನರ್ಸಾ? ಗೊತ್ತಿತ್ತು ನಂಗೆ, ಇದೆಲ್ಲಾ ನನ್ನ ಮಗನನ್ನ ಕಿತ್ಕೊಳ್ಳೋ ನಾಟಕ ಅಂತ! ನೀನೂ ಸೇರ್ಕೊಂಡ್ಯಾ?"

"ಹೂಂ ಕಣೇ, ನಿನ್ನ ಮಗನನ್ನ ಕಿತ್ಕೊಂಡು ನಾನು ಉಪ್ಪಿನಕಾಯಿ ಹಾಕ್ತೀನಿ! ಅನುಮಾನ ಪಡೋಕೂ ಒಂದು ಮಿತಿ ಬೇಡ್ವೇನೇ? ಮೈಲೆ ತೇಲಿದ್ದನ್ನ ನೋಡಿದೀಯ. ಅದೇ ನೀರಿಗೆ ಇವನನ್ನ ತಳ್ತೀಯ? ಊರೆಲ್ಲ ಬಾಯಿ ಮುಚ್ಕೊಂಡಿದೆ. ಹೇಳೋ ಹಕ್ಕಿರೋದು ನಿನಗೊಬ್ಬಳಿಗೇ. ನಿನ್ನ ಬಾಯಿ ಎಲ್ಲಿ ಹೋಯ್ತು?"

ಬೈಯುತ್ತಾಳೆ ಅಂದುಕೊಂಡೆ. ಅವಳು ಕೊಡತಿ ಕೆಳಗಿಟ್ಟು ಕೂತುಬಿಟ್ಟಳು. "ಆರು ವರ್ಷದವನಿದ್ದಾಗ ದಡದಲ್ಲಿ ಈಜ್ತಾ ಎಚ್ಚರ ತಪ್ಪಿದ್ದ. ಯಾರಿಗೂ ಹೇಳ್ಲಿಲ್ಲ. ಗಾಳಿ ಅಂದ್ಕೊಂಡೆ. ಎಲೆ ಹಚ್ದೆ" ಅಂದಳು.

"ಮತ್ತೆ?"

"ಮತ್ತೆ ಏನು ಮತ್ತೆ! ಇವತ್ತು ಬಾಯಿಬಿಟ್ರೆ ನಾನು ಅವನ ಸೋದರತ್ತೆ ಆಗ್ಹೋಗ್ತೀನಿ. ನಾಳೆ ನಾನು ಸತ್ರೆ ಮಗನ ಹಾಗೆ ಒಳಗೆ ಕೂರೋ ಹಾಗಿಲ್ಲ ಅವನು. ಹರಕು ಚಾಪೆ ಸುತ್ಕೊಂಡು ಹೊರಗೆ ಒಲೆ ಊದಬೇಕು. ನನ್ನ ಹೆಣದ ಹತ್ರಾನೂ ಬರೋ ಹಾಗಿಲ್ಲ ಕಣೇ ನನ್ನ ಮಗ."

ಅವಳ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಆದರೂ ಅಂದೆ: "ಅವನು ನಿನಗಿಂತ ಮುಂಚೆ ಹೋದ್ರೆ ಯಾರು ಎಲ್ಲಿ ಕೂತ್ರೇನು?"

ಅವಳು ಸೆರಗಿನಂತೆ ಹೊದ್ದಿದ್ದ ಬಟ್ಟೆಯಲ್ಲಿ ಮೂಗು ಒರೆಸಿಕೊಂಡು ಎದ್ದು ಹೋದಳು. ಅವಳ ಪಾಲಿನ ತೊಗಟೆ ಅಲ್ಲೇ ಒಣಗಿತು.

ಸಂಜೆಗೆ ಮುಂಚೆ ಊರೆಲ್ಲ ಅಂಗಳ ಗುಡಿಸುತ್ತಿತ್ತು, ಮರುದಿನ ಭಾನುವಾರ ಕಸ ಮುಟ್ಟುವ ಹಾಗಿಲ್ಲವಲ್ಲ. ಕಲೋಲೈನೆ ಜಗಲಿಯ ಮೇಲೆ ಚಾಪೆ ಹಾಸಿ ಮಗನನ್ನು ಕೂರಿಸಿದಳು. ಒಳಗಿನಿಂದ ತೊಗಟೆಬಟ್ಟೆಯ ಸುರುಳಿ ತಂದಳು. ನನ್ನ ಕೈಯ ಪೊರಕೆ ನಿಂತಿತು. ರಸ್ತೆಯಾಚೆ ಸುಲಿಯೆತಿಯ ಪೊರಕೆಯೂ ನಿಂತಿತು.

"ಏನಮ್ಮ, ದೋಣಿ ಹತ್ತೋಕೆ ಮುಂಚೆ ಮದುಮಗನ ಹಾಗೆ ಮಾಡಿ ಕಳಿಸ್ತೀಯಾ? ತುದಿ ಮಾತ್ರ ಕತ್ತರಿಸು, ಹುಡುಗೀರು ಅಳ್ತಾರೆ" ಅಂದ ಫಾತಾಯಿ.

ಅವಳು ಸುರುಳಿ ಬಿಚ್ಚಿದಳು. ಮೊದಲ ಗುಂಗುರು ತೊಡೆಯ ಮೇಲೆ ಬಿದ್ದಾಗ ಅವನು ನಗುತ್ತಲೇ ಇದ್ದ. ತಲೆ ತಿರುಗಿಸಿ ಕತ್ತರಿ ನೋಡಿದ. ಆ ಕತ್ತರಿಯನ್ನು ಗುರುತಿಸದವರು ನಮ್ಮೂರಲ್ಲಿ ಯಾರಿದ್ದಾರೆ! ನಗು ಹೋಯಿತು.

"ಅಮ್ಮಾ, ಯಾರು ಸತ್ರು?"

"ನಿನ್ನ ಅಪ್ಪ."

"ಅಪ್ಪ ನಾನು ಹುಟ್ಟೋಕೆ ಮುಂಚೇನೇ ಹೋದ ಅಂದಿದ್ದೆ."

"ಅವನು ನನ್ನ ಗಂಡ. ನಿನ್ನಪ್ಪ ಲಂಗರು ಬಿಡಿಸೋಕೆ ಹಾರಿದವನು." ಕತ್ತರಿ ನಿಲ್ಲಲಿಲ್ಲ. "ಅಲುಗಾಡ್ಬೇಡ. ಕಿವಿ ಕುಯ್ಯುತ್ತೆ."

ಅವನು ಅಲುಗಾಡಲಿಲ್ಲ. ಕೂದಲೆಲ್ಲ ಬಿದ್ದು, ಅವನ ತಲೆ ಮೈಲೆಯ ತಲೆಯ ಹಾಗೇ ಕಾಣಿಸಿದಾಗ ರಸ್ತೆಯಾಚೆ ಸುಲಿಯೆತಿ ನೆಲಕ್ಕೆ ಕುಸಿದಳು. ಫಾತಾಯಿ ಎದ್ದ. ಯಾರ ಮುಖವನ್ನೂ ನೋಡಲಿಲ್ಲ. ಕಲೋಲೈನೆ ಅವನ ರಟ್ಟೆ ಹಿಡಿದು ಬೀದಿಯುದ್ದಕ್ಕೂ ನಡೆಸಿಕೊಂಡು ಹೋದಳು. ಪೊರಕೆ ಹಿಡಿದ ಊರೆಲ್ಲ ಅವನ ಬೋಳುತಲೆಯನ್ನು ನೋಡಿತು. ಸಭಾಮನೆಯಲ್ಲಿ ಡಾಕ್ಟರಮ್ಮ ಪೆಟ್ಟಿಗೆ ಕಟ್ಟುತ್ತಿದ್ದಳು. ಕಲೋಲೈನೆ ಅವನನ್ನು ಬೆಂಚಿನ ಮೇಲೆ ಕೂರಿಸಿ, "ಇವನೂ ಮೈಲೆಯ ಮಗ. ತಂತಿ ಅಂಟಿಸು" ಅಂದಳು.

ಕಾಗದ ಹೊರಬಂತು. ಅದನ್ನು ನೋಡುತ್ತಾ ನೋಡುತ್ತಾ ಡಾಕ್ಟರಮ್ಮನ ನಗು ಪೂರ್ತಿ ಇಳಿದುಹೋಯಿತು. ಆಗ ನನಗೆ ಅವಳ ಮೇಲೆ ನಂಬಿಕೆ ಬಂತು.

"ತಮ್ಮನಿಗಿಂತ ಇವನಿಗೇ ಜಾಸ್ತಿ ಇದೆ" ಅಂದಳು ಅಕೊಸಿತಾ. "ಇವನು ಇನ್ನೂ ಬದುಕಿರೋದೇ ದೊಡ್ಡದು. ಇನ್ನು ಮುಳುಗೋ ಹಾಗಿಲ್ಲ."

ಕಲೋಲೈನೆ ಮಾತ್ರೆಯ ಡಬ್ಬಿ ತೆಗೆದು, ಒಂದು ಮಾತ್ರೆ ಅಂಗೈಗೆ ಹಾಕಿಕೊಂಡು ಮೂಸಿದಳು. ಎರಡು ಸಲ ಮೂಸಿದಳು. ಆಮೇಲೆ ಅವನ ಬಾಯಿಗೆ ಹಾಕಿದಳು.

ಫಾತಾಯಿ ಅವತ್ತೇ ಅವಳ ಮನೆ ಬಿಟ್ಟ. ದೋಣಿ ಅವನಿಲ್ಲದೆ ಹೋಯಿತು. ಸುಲಿಯೆತಿಯ ಮನೆಯಲ್ಲಿ ಉಂಡ, ಮಲಗಿದ. ಅವಳ ಹತ್ತಿರವೂ ಹೆಚ್ಚು ಮಾತಿಲ್ಲ, ಇವಳ ಹತ್ತಿರವಂತೂ ಇಲ್ಲವೇ ಇಲ್ಲ. ಕಲೋಲೈನೆ ಡಬ್ಬಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ದಿನಾ ಬೆಳಿಗ್ಗೆ ರಸ್ತೆ ದಾಟಿ, ನಾದಿನಿಯ ಬೇಲಿಯ ಹತ್ತಿರ ನಿಂತು, ಮಾತ್ರೆ ಮೂಸಿ ಕೈ ಚಾಚುತ್ತಿದ್ದಳು. ಅವನು ಬಂದು, ನೆಲ ನೋಡುತ್ತಾ ನುಂಗಿ ಹೋಗುತ್ತಿದ್ದ. "ಸುಲಿಯೆತಿ ಕೈಗೆ ಕೊಡಬಾರದೇನೇ, ಮಳೇಲಿ ಯಾಕೆ ನೆನೀತೀಯ?" ಅಂದರೆ, "ಅವಳು ಮರೆತ್ರೆ?" ಅನ್ನುತ್ತಿದ್ದಳು. ಹೆತ್ತವಳು ಮರೆಯುತ್ತಾಳಂತೆ! ಒಂದು ಬೆಳಿಗ್ಗೆ ಅವನು ಮಾತ್ರೆ ನುಂಗಿ, "ನೀರು ತಂದಿಲ್ವಾ?" ಅಂದ. ಆ ಒಂದು ಮಾತನ್ನು ಅವಳು ನನಗೆ ವಾರವಿಡೀ ಹೇಳಿದಳು. ಆಮೇಲೆ ಅವನೇ ಇವಳ ಮನೆಗೆ ಬರತೊಡಗಿದ. ದೋಣಿಗಳ ರಿಪೇರಿ ಕಲಿತ, ಮದುವೆಯಾದ. ಅಮ್ಮ ಅನ್ನುವುದನ್ನು ಮಾತ್ರ ನಿಲ್ಲಿಸಿದ್ದ, ಅತ್ತೆ ಅಂತಲೂ ಅನ್ನುತ್ತಿರಲಿಲ್ಲ. ಕರೆಯದೆಯೇ ಮಾತಾಡುತ್ತಿದ್ದ.

ಕಳೆದ ವರ್ಷ ಕಲೋಲೈನೆ ಹೋದಳು. ವಯಸ್ಸಾಗಿತ್ತು, ನಿದ್ದೆಯಲ್ಲಿ ಹೋದಳು. ಊರಿನ ಕಣ್ಣೆಲ್ಲ ಒಂದೇ ಕಡೆ: ಫಾತಾಯಿ ಯಾವ ಚಾಪೆ ಉಟ್ಟು ಬರುತ್ತಾನೆ? ನುಣುಪು ಚಾಪೆ ಉಟ್ಟರೆ ಅವಳು ಆಡಿದ ನಿಜ ಸುಳ್ಳಾಗುತ್ತದೆ, ಹರಕು ಉಟ್ಟರೆ ಅವಳು ಸಾಕಿದ್ದು ಸುಳ್ಳಾಗುತ್ತದೆ. ಹೆಂಗಸರು ಪಿಸುಗುಟ್ಟುತ್ತಿದ್ದರು. ನಾನೂ ಪಿಸುಗುಟ್ಟಿದೆ, ಬಾಯಿ ಸುಮ್ಮನಿರಬೇಕಲ್ಲ.

ಅವನು ಕಿವಿಯವರೆಗಿನ ಹರಕು ಚಾಪೆ ಸುತ್ತಿಕೊಂಡು ಬಂದ. ಮೈಲೆಯ ಉಳಿದ ಮಕ್ಕಳ ಜೊತೆ ಹೊರಗೆ ಒಲೆ ಊದಿದ, ಹಂದಿ ಸುಟ್ಟ, ಗೆಣಸು ಸುಲಿದ. ಹೊಗೆಗೆ ಕಣ್ಣು ಕೆಂಪಾಗಿತ್ತು. ಹೆಣದ ಪೆಟ್ಟಿಗೆ ಮುಚ್ಚುವ ಹೊತ್ತಾದಾಗ ಅದೇ ಹರಕು ಚಾಪೆಯಲ್ಲಿ, ಮಸಿ ಹಿಡಿದ ಕೈಯಲ್ಲಿ ಒಳಗೆ ನಡೆದು ಬಂದು ಅವಳ ತಲೆಯ ಬಳಿ ಕೂತ.

"ಏಳಪ್ಪ, ಇದು ನಿನ್ನ ಜಾಗ ಅಲ್ಲ" ಅಂದ ಪಾದ್ರಿ.

"ಅಮ್ಮನ ಹತ್ರ ಕೂತಿದೀನಿ" ಅಂದ ಫಾತಾಯಿ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಮನೆಯಲ್ಲಿ ಇಂಥದ್ದನ್ನು ಗದರಿ ನಿಲ್ಲಿಸುವ ಹಕ್ಕಿದ್ದವಳು ಒಬ್ಬಳೇ, ಅವಳು ಪೆಟ್ಟಿಗೆಯೊಳಗೆ ಮಲಗಿದ್ದಳು. ಸ್ವಲ್ಪ ಹೊತ್ತಿಗೆ ಸುಲಿಯೆತಿ ಬಾಗಿಲಿನಿಂದ ತಗ್ಗಿಕೊಂಡು ಬಂದು ಅವನ ಕೈಯಲ್ಲಿ ಒಂದು ಮಾತ್ರೆಯಿಟ್ಟಳು. ಬೆಳಗಿನಿಂದ ಗಡಿಬಿಡಿಯಲ್ಲಿ ಅವನು ತೆಗೆದುಕೊಂಡಿರಲಿಲ್ಲ. ಅವನು ಅದನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ಮೂಸಿ, ಬಾಯಿಗೆ ಹಾಕಿಕೊಂಡ.